ಮೊದಲ ಸಾಲಿನಲ್ಲಿ ಕೂತವಳು

ನಾಗಪುರ,
ಮಂಗಳವಾರ, 20 ಆಗಸ್ಟ್ 2024

ಪ್ರೀತಿಯ ದೇಚು,

ನಾವಿಬ್ಬರೂ ಕ್ಷೇಮ. ನೀನೂ ಕರಿಯಪ್ಪಣ್ಣನೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ನೀನು ಫೋನ್ ಎತ್ತುತ್ತಿಲ್ಲವಲ್ಲ. ಮೈಸೂರಿನ ನಿನ್ನ ಮನೆಯಿಂದ ಬಂದು ತಿಂಗಳಾಯಿತು. ಒಂದು ವಾರ ಕೂರಿಸಿ ಉಣ್ಣಿಸಿದವಳಿಗೆ ಎರಡು ಸಾಲು ಬರೆಯದೆ ಇದ್ದದ್ದು ನನ್ನ ತಪ್ಪು, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಸಿಟ್ಟು ನುಗ್ಗಿ ಬರುತ್ತಿತ್ತು, ಎದ್ದುಬಿಡುತ್ತಿದ್ದೆ. ವಾಟ್ಸಾಪಿನಲ್ಲಿ ನೀನು ನನ್ನನ್ನು ಹೊರಗಿಟ್ಟಿದ್ದೀಯ. ಕಾಗದವನ್ನು ಹಾಗೆ ತಡೆಯಲು ಬರುವುದಿಲ್ಲವೆಂದು ಪೆನ್ನು ಹಿಡಿದಿದ್ದೇನೆ. ಪೂರ್ತಿ ಓದು. ಆಮೇಲೆ ಬೈಯುವುದಿದ್ದರೆ ಬೈ, ಮೂವತ್ತು ವರ್ಷದಿಂದ ನಿನ್ನ ಬೈಗುಳ ತಿಂದು ನನಗೆ ಅಭ್ಯಾಸವಾಗಿದೆ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ಮಳೆ ನಾಲ್ಕು ದಿನ ಹೊಯ್ದು ಈಗ ಬಿಟ್ಟಿದೆ, ಸೆಕೆ ಮತ್ತೆ ಶುರುವಾಗಿದೆ. ಇವರ ಸಕ್ಕರೆ ಏರಿದೆ. ಬೆಳಗಿನ ವಾಕಿಂಗ್ ಎಂದು ಹೇಳಿ ಹಳೆಯ ವಾಯುಸೇನೆಯ ಗೆಳೆಯರ ಜೊತೆ ಜಿಲೇಬಿ ತಿಂದು ಬರುತ್ತಾರೆ. ಮೀಸೆಯ ಮೇಲೆ ಪಾಕ ಅಂಟಿಸಿಕೊಂಡು ಬಂದು, "ಏನೂ ತಿಂದಿಲ್ಲ ನೋಡು, ನಿನ್ನಾಣಿ" ಎನ್ನುತ್ತಾರೆ. ಮಗ ಅಮೇಯ ಪುಣೆಯಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, "ದೇಚಮ್ಮಾಂಟಿ ಜೊತೆ ಮಾತಾಡಿದ್ಯಾ?" ಎಂದು ಕೇಳುತ್ತಾನೆ. ನಾನು ಅವನ ಊಟದ ವಿಚಾರ ತೆಗೆಯುತ್ತೇನೆ.

ಇನ್ನು ಆ ಭಾನುವಾರದ ವಿಷಯ. ನೀನು ಅದನ್ನು ಮಗಳ ಬಾಯಿಂದ ಕೇಳಿದ್ದೀಯ. ನನ್ನ ಬಾಯಿಂದ ಒಂದು ಸಲ ಕೇಳು.

ನಾನು ಸೋಮವಾರ ಹೊರಡುವವಳಿದ್ದೆ, ನೆನಪಿದೆಯಾ? "ಯಶಿ ಭಾನುವಾರ ಬೆಂಗಳೂರು-ನಾಗಪುರ ಫ್ಲೈಟಿನಲ್ಲಿ ಇದ್ದಾಳೆ. ಟಿಕೆಟ್ ಬದಲಾಯಿಸು, ನಿನ್ನ ಶಿಷ್ಯೆ ನಿನ್ನನ್ನು ಹೇಗೆ ಕರ್ಕೊಂಡು ಹೋಗ್ತಾಳೆ ನೋಡು" ಎಂದು ನೀನೇ ಹೇಳಿದೆ. ನನಗೂ ಆಸೆಯಾಯಿತು. ಮದುವೆಗೆ ಮುಂಚೆ ಆರು ವರ್ಷ ನಾನೇ ಹಾರಿದವಳು, ಆಮೇಲೆ ಇಪ್ಪತ್ತು ವರ್ಷ ಇಲ್ಲಿಯ ಧರಮ್‌ಪೇಟೆಯ ತರಬೇತಿ ಸಂಸ್ಥೆಯಲ್ಲಿ ಗಗನಸಖಿಯರಾಗ ಹೊರಟ ಹುಡುಗಿಯರಿಗೆ ಪಾಠ ಹೇಳಿದವಳು. ನಿನ್ನ ಯಶಿಕಾ ಅವರ ಹಾಗೆ ಬರೀ ಒಬ್ಬ ಶಿಷ್ಯೆಯಲ್ಲ. ವಾಯುಸೇನಾ ನಗರದ ಕ್ವಾರ್ಟರ್ಸಿನಲ್ಲಿ ನನ್ನ ಅಡುಗೆಮನೆಯ ಕಟ್ಟೆ ಮೇಲೆ ಕೂತು ಬೆಳೆದ ಹುಡುಗಿ. ಅವಳು ಕೆಲಸ ಮಾಡುವುದನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ವಿಮಾನದ ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಚೆನ್ನಾಗಿ ಕಾಣುತ್ತಿದ್ದಳು ಅಂತೀಯ! ಹಿಂದಿದ್ದವರನ್ನೆಲ್ಲ ನಿಲ್ಲಿಸಿ ನನ್ನ ಕಾಲು ಮುಟ್ಟಿದಳು. ಹನ್ನೆರಡನೆಯ ಸಾಲಿನಲ್ಲಿ ನನ್ನ ಸೀಟು. "ಆಂಟಿ, ಛೋಡೋ ವೋ, ಆ ಸೀಟು ಬಿಡಿ, ನೀವು ಮುಂದೆ ನನ್ನ ಎದುರಿಗೇ ಕೂತ್ಕೊಳಿ" ಎಂದು ಮೊದಲನೆಯ ಸಾಲಿನ ಖಾಲಿ ಸೀಟಿಗೆ ಕರೆದುಕೊಂಡು ಹೋದಳು. ಅವಳು ಏರುವಾಗ ಇಳಿಯುವಾಗ ಕೂರುವ ಮಡಿಚು ಸೀಟು ನಮ್ಮ ಮುಖಕ್ಕೆ ಮುಖವಾಗಿತ್ತು. ಸುಳ್ಳು ಹೇಳುವುದಿಲ್ಲ ದೇಚು, ನನಗೆ ಜಂಬ ಬಂತು. ಆಚೆ ಈಚೆ ನೋಡಿ, ಯಾರೂ ಕೇಳದಿದ್ದರೂ "ನನ್ನ ಸ್ಟೂಡೆಂಟ್" ಎಂದೆ.

ಕಿಟಕಿಯ ಪಕ್ಕ ಒಬ್ಬ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿದ್ದ. ನಾನು ನಡುವೆ. ನಡುದಾರಿಯ ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು, ಐವತ್ತೈದರ ಆಸುಪಾಸು. ಇಳಕಲ್ ಸೀರೆ ಉಟ್ಟು, ಮಡಿಲಲ್ಲಿ ಕೈ ಚೀಲವನ್ನು ಅಪ್ಪಿಕೊಂಡು ಕೂತಿದ್ದರು. ಹೆಸರು ಲಕ್ಷ್ಮವ್ವ, ಕುಷ್ಟಗಿ ಕಡೆಯವರು. ಮಗಳು ಕಲಾವತಿ ನಾಗಪುರದ ಹೊರಗಿನ ಬುಟಿಬೋರಿಯಲ್ಲಿದ್ದಾಳೆ, ಅಳಿಯ ಅಲ್ಲಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮಗಳಿಗೆ ದಿನ ತುಂಬುತ್ತಿದೆ, ಬಾಣಂತನಕ್ಕೆ ಹೊರಟಿದ್ದರು. ರೈಲಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ತಡವಾದೀತೆಂದು ಬೆಂಗಳೂರಿನಲ್ಲಿರುವ ತಮ್ಮನ ಮಗ ಈ ವಿಮಾನ ಹತ್ತಿಸಿದ್ದ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ನನ್ನ ಮುಂಗೈ ಹಿಡಿದುಕೊಂಡರು. ನಾಗಪುರ ಮುಟ್ಟುವ ತನಕ ಹೆಚ್ಚು ಕಡಿಮೆ ಬಿಡಲೇ ಇಲ್ಲ.

ಹುಡುಗಿಯರು ಬೆಲ್ಟು, ಆಮ್ಲಜನಕದ ಮುಖವಾಡ ತೋರಿಸಲು ನಿಂತರು. ಲಕ್ಷ್ಮವ್ವ ದೇವರ ಮುಂದೆ ಕೂತ ಹಾಗೆ ನೆಟ್ಟಗೆ ಕೂತು, "ಏನಂತಾರ ಹೇಳ್ರಿ ಅಕ್ಕಾರ" ಎಂದರು. ನಾನು ಒಂದೊಂದೇ ಕನ್ನಡದಲ್ಲಿ ಹೇಳಿದೆ. ಸೀಟಿನ ಕೆಳಗೆ ಕೈ ಹಾಕಿ ತೇಲುವ ಅಂಗಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದರು. ಮುಂದೆ ಬಾಗಿಲು ಎಷ್ಟು, ಹಿಂದೆ ಎಷ್ಟು ಎಂದು ಬೆರಳು ಮಡಿಚಿ ಎಣಿಸಿದರು. ಇಪ್ಪತ್ತು ವರ್ಷದಲ್ಲಿ ಅಷ್ಟು ಶ್ರದ್ಧೆಯ ವಿದ್ಯಾರ್ಥಿನಿ ನನಗೆ ಸಿಕ್ಕಿರಲಿಲ್ಲ. ಆ ಕಡೆ ತೋರಿಸುವವರ ಅವಸ್ಥೆ ಕೇಳಬೇಡ. ನೊಣ ಓಡಿಸುವ ಹಾಗೆ ಕೈ ಬೀಸಿದರು. ಯಶಿ ಮುಖವಾಡವನ್ನು ಮುಖದ ಹತ್ತಿರಕ್ಕೂ ತರಲಿಲ್ಲ, ಎದೆಯ ಮಟ್ಟದಲ್ಲೇ ಅಲ್ಲಾಡಿಸಿ ಚೀಲಕ್ಕೆ ತುರುಕಿದಳು. ಹಿಂದಿನ ಹುಡುಗಿ ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಿದ್ದಳು. ನನ್ನ ತರಗತಿಯಲ್ಲಾಗಿದ್ದರೆ ಇಬ್ಬರನ್ನೂ ಹೊರಗೆ ನಿಲ್ಲಿಸುತ್ತಿದ್ದೆ.

ಇಲ್ಲಿ ಹಾಗೇನೂ ಮಾಡಲಿಲ್ಲ. ದಿನಕ್ಕೆ ನಾಲ್ಕು ಫ್ಲೈಟು, ಪಾಪ, ಸುಸ್ತಾಗಿದೆ ಮಗುವಿಗೆ ಎಂದುಕೊಂಡೆ.

ವಿಮಾನ ಏರುವಾಗಲೂ ಅವಳು ಭುಜದ ಪಟ್ಟಿ ಹಾಕಿಕೊಳ್ಳಲಿಲ್ಲ. ಲಕ್ಷ್ಮವ್ವ ನನ್ನ ಕಿವಿಯಲ್ಲಿ, "ನಮಗ ಹಾಕ್ಕೊಳ್ರಿ ಅಂದ್ರು, ಆಕಿ ಯಾಕ ಹಾಕ್ಕೊಂಡಿಲ್ರಿ?" ಎಂದರು. "ಅವರಿಗೆ ಅಭ್ಯಾಸ ಇರುತ್ತೆ" ಎಂದೆ. ಆ ತಾಯಿ ಮಾತ್ರ ತಮ್ಮ ಬೆಲ್ಟನ್ನು ಒಂದೂವರೆ ಗಂಟೆ ಬಿಚ್ಚಲಿಲ್ಲ. ಬಚ್ಚಲಿಗೂ ಏಳಲಿಲ್ಲ, ಎದ್ದರೆ ವಿಮಾನ ವಾಲೀತು ಎಂಬ ಹೆದರಿಕೆ. ಈ ಮಾತನ್ನು ಗಮನವಿಟ್ಟು ಓದು, ದೇಚು. ಅವರು ಏಳಲಿಲ್ಲ.

ಇಳಿಯುವ ಹೊತ್ತಾಯಿತು. ಯಶಿ ಬಂದು ಎದುರಿಗೆ ಕೂತಳು. ಸೊಂಟದ ಪಟ್ಟಿಯೂ ಇಲ್ಲ, ಭುಜದ್ದೂ ಇಲ್ಲ. ಮುಂದಕ್ಕೆ ಬಾಗಿ ಫೋನ್ ತೆಗೆದು ತಾನು ಮದುವೆಯಾಗಲಿರುವ ಪ್ರೀತಮನ ಫೋಟೊ ತೋರಿಸತೊಡಗಿದಳು. ಉಂಗುರ, ಹುಡುಗನ ಮನೆ, ಡಿಸೆಂಬರಿಗೆ ನೋಡಿಟ್ಟ ಮಂಟಪ. "ಆಂಟಿ, ನಿಮಗೆ ಯಾವ ಬಣ್ಣದ ಸೀರೆ ತರಲಿ, ಜಲ್ದಿ ಹೇಳಿ" ಎಂದು ನಗುತ್ತಿದ್ದಳು.

ನಾನು ನನ್ನ ಹುಡುಗಿಯರಿಗೆ ಮೊದಲ ದಿನ ಕಲಿಸುತ್ತಿದ್ದ ಪಾಠ ಯಾವುದು ಗೊತ್ತಾ? ಮೂವತ್ತು ಸೆಕೆಂಡು ಸುಮ್ಮನಿರುವುದು. ಏರುವಾಗ, ಇಳಿಯುವಾಗ ಪಟ್ಟಿ ಬಿಗಿದು, ಬಾಯಿ ಮುಚ್ಚಿ ಕೂರಬೇಕು. ಈಗ ಏನಾದರೂ ಆದರೆ ಯಾವ ಬಾಗಿಲು ತೆಗೆಯಲಿ, ಹಿಡಿ ಎಲ್ಲಿದೆ, ಮೊದಲು ಏನೆಂದು ಕೂಗಲಿ, ನಡೆಯಲಾರದವರು ಎಲ್ಲಿ ಕೂತಿದ್ದಾರೆ ಎಂದು ಮನಸ್ಸಿನಲ್ಲೇ ಒಮ್ಮೆ ಓಡಿಸಿಕೊಳ್ಳಬೇಕು. ಜಗತ್ತಿನ ಎಲ್ಲ ಗಗನಸಖಿಯರೂ ಮಾಡುವ ಕೆಲಸ ಅದು, ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ. ಗಡಿಯಾರ ಹಿಡಿದು ನಿಂತು ಆ ಮೂವತ್ತು ಸೆಕೆಂಡನ್ನು ನಾನು ಯಶಿಗೆ ಕಲಿಸಿದ್ದೆ. ಈಗ ಅದೇ ಹೊತ್ತಿನಲ್ಲಿ ಅವಳು ಸೀರೆಯ ಬಣ್ಣ ಕೇಳುತ್ತಿದ್ದಳು, ನಾನು "ಗಿಳಿಹಸಿರು" ಎಂದೆ. "ಪಟ್ಟಿ ಹಾಕಿಕೋ ಮಗು" ಎಂದು ನಾಲಗೆಯ ತುದಿಗೆ ಬಂತು. ಎಲ್ಲರ ಎದುರು ಅವಳ ಮುಖ ಚಿಕ್ಕದಾದೀತೆಂದು ನುಂಗಿಕೊಂಡೆ.

ಕೆಳಗೆ ವಿಮಾನ ನಿಲ್ದಾಣದ ಪಕ್ಕದ ಮಿಹಾನ್ ಕಡೆಯ ರಸ್ತೆ, ಲಾರಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಗಾಳಿ ದಿಕ್ಕು ಬದಲಿಸಿತಂತೆ, ಪೈಲಟ್ ಇಳಿಸದೆ ವಿಮಾನವನ್ನು ಥಟ್ಟನೆ ಮತ್ತೆ ಮೇಲಕ್ಕೆ ಎತ್ತಿದ. ಮೂಗು ಮೇಲಾಯಿತು, ನಾವೆಲ್ಲ ಸೀಟಿನ ಬೆನ್ನಿಗೆ ಅಂಟಿಕೊಂಡೆವು. ಯಶಿ ಮುಗ್ಗರಿಸಿ ನನ್ನ ಮಡಿಲಿಗೆ ಬಂದು ಬಿದ್ದಳು. ಅವಳ ಬೆನ್ನ ಹಿಂದೆ, ತಿಂಡಿ ಟ್ರಾಲಿಗಳನ್ನು ನಿಲ್ಲಿಸುವ ಗೂಡಿನಿಂದ ಒಂದು ಟ್ರಾಲಿ ಹೊರಕ್ಕೆ ಉರುಳಿ ಬಂತು. ಗೂಡಿನ ಮೇಲೆ ಕೆಂಪು ಚಿಲಕ ಇರುತ್ತದೆ, ಅದನ್ನು ಅಡ್ಡ ತಿರುಗಿಸಿದ್ದರೆ ಟ್ರಾಲಿ ಅಲ್ಲಾಡುವುದಿಲ್ಲ. ತುಂಬಿದ ಟ್ರಾಲಿ ಒಂದು ಆಳಿಗಿಂತ ಭಾರ. ಅದು ನೇರ ಬಂದು ಲಕ್ಷ್ಮವ್ವನ ಬಲ ಪಾದದ ಮೇಲೆ ಹತ್ತಿ, ಸೀಟಿಗೆ ಬಡಿದು ನಿಂತಿತು. ಅವರು ಕಿರುಚಲೂ ಇಲ್ಲ. "ಯವ್ವಾ" ಎಂದು ಸಣ್ಣಗೆ ಅಂದರು, ನನ್ನ ಮುಂಗೈಯಲ್ಲಿ ಅವರ ಉಗುರು ಇಳಿಯಿತು.

ಅವಳಿಗೆ ಸಲ್ಲಬೇಕಾದದ್ದನ್ನು ಕೊಡುತ್ತೇನೆ. ಆಮೇಲಿನ ಹದಿನೈದು ನಿಮಿಷ ಯಶಿ ಚೆನ್ನಾಗಿಯೇ ಕೆಲಸ ಮಾಡಿದಳು. ಟ್ರಾಲಿ ಎಳೆದು ಒಳಗೆ ಹಾಕಿದಳು, ಐಸ್ ತಂದಳು, ಪಾದ ಎತ್ತಿ ಇಟ್ಟಳು, ಅಷ್ಟೂ ನಾನು ಕಲಿಸಿದ ಹಾಗೆ. ವಿಮಾನ ನಿಂತು ಗಾಲಿ ಕುರ್ಚಿ ಬಂತು. ಎಲ್ಲರೂ ಇಳಿಯುತ್ತಿದ್ದಾಗ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು, "ಆಂಟಿ, ಲ್ಯಾಚ್ ಹಾಕೇ ಇತ್ತು ಅಲ್ವಾ? ಆಪ್ನೆ ದೇಖಾ ಥಾ ನಾ, ನೀವೇ ನೋಡಿದ್ರಿ ಅಲ್ವಾ?" ಎಂದಳು. ಗಾಬರಿಯಾಗಿದ್ದಾಳೆ ಎಂದು ಬೆನ್ನು ಸವರಿದೆ, ಉತ್ತರ ಕೊಡಲಿಲ್ಲ. ಆ ಸುಮ್ಮನಿದ್ದದ್ದನ್ನು ಅವಳು ಒಪ್ಪಿಗೆ ಎಂದು ಎತ್ತಿಟ್ಟುಕೊಂಡಳು.

ಹತ್ತು ದಿನದ ಮೇಲೆ ಕಂಪನಿಯ ಸುರಕ್ಷತಾ ವಿಭಾಗದಿಂದ ನನಗೆ ಇಮೇಲ್ ಬಂತು. ಹಿಂದಿನ ಸಾಲಿನ ಯಾರೋ ವಿಡಿಯೊ ತೆಗೆದಿದ್ದರು. ಯಶಿ ಪಟ್ಟಿಯಿಲ್ಲದೆ ಫೋನ್ ಹಿಡಿದು ನಗುವುದು ಅದರಲ್ಲಿದೆ, ನನ್ನ ತುರುಬೂ ಇದೆ. ಅದಕ್ಕಾದರೆ ಒಂದು ಎಚ್ಚರಿಕೆ ಪತ್ರ ಕೊಟ್ಟು, ಮತ್ತೆ ತರಬೇತಿಗೆ ಕೂರಿಸಿ ಬಿಟ್ಟುಬಿಡುತ್ತಾರೆ. ಆದರೆ ಟ್ರಾಲಿ ಆ ವಿಡಿಯೊದಲ್ಲಿಲ್ಲ. ಚಿಲಕ ಹಾಕಿರಲಿಲ್ಲ ಎಂದಾದರೆ, ಅದರಿಂದ ಒಬ್ಬರ ಕಾಲು ಮುರಿದಿದೆ, ಕೆಲಸ ಹೋಗುತ್ತದೆ. ನಿನ್ನ ಮಗಳು ಕೊಟ್ಟ ಹೇಳಿಕೆ ಹೀಗಿದೆಯಂತೆ: ಚಿಲಕ ಹಾಕಿತ್ತು, ಮೊದಲ ಸಲ ವಿಮಾನ ಹತ್ತಿದ, ಹೇಳಿದ್ದು ಅರ್ಥವಾಗದ ಪ್ರಯಾಣಿಕರೊಬ್ಬರು ಬೆಲ್ಟ್ ಬಿಚ್ಚಿ ಎದ್ದು ನೀರಿಗಾಗಿ ಟ್ರಾಲಿಯನ್ನು ಎಳೆದರು. ಪಕ್ಕದಲ್ಲೇ ತನ್ನ ಗುರುಗಳು ವತ್ಸಲಾ ಮೇಡಂ ಕೂತಿದ್ದರು, ಅವರೇ ಸಾಕ್ಷಿ, ತಪ್ಪಾಗಿದ್ದರೆ ಅವರು ಹೇಳದೆ ಬಿಡುವವರಲ್ಲ. ಇದನ್ನು ನೀವು ದೃಢಪಡಿಸುತ್ತೀರಾ ಎಂದು ಕೇಳಿದ್ದರು.

ಓದಿದವಳೇ ಇವರನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಈ ಹುಡಿಗಿ ನಿನಗ ಚಲೋ ಗುರುದಕ್ಷಿಣಿ ಕೊಟ್ಟಾಳ ನೋಡು" ಎಂದು ಎದ್ದು ಹೋದರು.

ಅದೇ ಸಂಜೆ ನಿನ್ನ ಫೋನು. ನೀನು ಅಂದದ್ದೆಲ್ಲ ಕಿವಿಯಲ್ಲಿದೆ. "ಅಲ್ಲ ವತ್ಸಲಾ, ಒಂದು ಸಾಲು ಬರೆಯೋಕೆ ಇಷ್ಟು ಯೋಚನೆ ಯಾಕೆ? ಹೌದು ಅಂತ ಬರೆದು ಕಳಿಸು, ಮುಗೀತು. ಆ ಹೆಂಗಸಿನ ಆಸ್ಪತ್ರೆ ಖರ್ಚು ಕಂಪನಿ ಹೇಗಿದ್ರೂ ನೋಡ್ಕೊಳ್ಳುತ್ತೆ. ನಮ್ಮ ಮಗು ಬಾಳು ನೋಡು." ನಾನು, ಅವರು ಏಳಲೇ ಇಲ್ಲವಲ್ಲ ದೇಚು ಎಂದೆ. "ಯಾರು ನೋಡಿದ್ರು?" ಎಂದೆ ನೀನು. ನಾನು ನೋಡಿದೆನಲ್ಲ ಎಂದಾಗ ನೀನು ಅಮೇಯನ ಟೈಫಾಯ್ಡ್ ತೆಗೆದೆ. ಇವರು ಬಾರ್ಡರಿನಲ್ಲಿದ್ದಾಗ ನೀನು ಹದಿಮೂರು ದಿನ ನಿನ್ನ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ನನ್ನ ಮಗನಿಗೆ ಒದ್ದೆ ಬಟ್ಟೆ ಹಾಕುತ್ತ ಕೂತದ್ದು ನನಗೆ ನೀನು ಹೇಳಬೇಕೇ? ಸಾಯುವ ತನಕ ನಾನು ಅದನ್ನು ನೆನೆಯುತ್ತೇನೆ. ನೀನು ಅದನ್ನು ಒಂದು ಸುಳ್ಳಿಗಾಗಿ ಹೊರಗೆ ತೆಗೆದೆ. ಆದರೂ ನಾನು ಹೌದು ಎಂದು ಬರೆಯಲು ಒಪ್ಪಲಿಲ್ಲ. ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ಎತ್ತಲಿಲ್ಲ.

ಕಳೆದ ಗುರುವಾರ ಬೆಳಗ್ಗೆ ನಾವಿಬ್ಬರೂ ಬಸ್ಸು ಹಿಡಿದು ಬುಟಿಬೋರಿಗೆ ಹೋಗಿ ಲಕ್ಷ್ಮವ್ವನನ್ನು ನೋಡಿಕೊಂಡು ಬಂದೆವು. ಪಾದದಲ್ಲಿ ಎರಡು ಮೂಳೆ ಮುರಿದಿವೆ, ಪ್ಲಾಸ್ಟರ್ ಮೊಣಕಾಲಿನವರೆಗೆ. ಕಲಾವತಿಗೆ ಒಂಬತ್ತನೇ ತಾರೀಕು ಹೆಣ್ಣು ಮಗು ಹುಟ್ಟಿದೆ. ತೊಟ್ಟಿಲು ಒಂದು ಮೂಲೆಯಲ್ಲಿ, ಅಜ್ಜಿಯ ಮಂಚ ಇನ್ನೊಂದು ಮೂಲೆಯಲ್ಲಿ. ಮಗುವಿಗೆ ಎರೆಯಲು ಪಕ್ಕದ ಮನೆಯ ವನಜಾಕ್ಷಿ ಎನ್ನುವವರು ಬರುತ್ತಾರಂತೆ. ಲಕ್ಷ್ಮವ್ವ ಮಂಚದ ಮೇಲಿಂದಲೇ, "ನೀರು ಬಿಸಿ ಭಾಳಾತೇನ ನೋಡ್ರಿ, ತಲಿ ಹಿಡೀರಿ ಮೊದಲ" ಎಂದು ಕೂಗುತ್ತಾರೆ. ಆರು ದಿನದ ಬಾಣಂತಿ ತಾಯಿಯ ಮಂಚದ ಹತ್ತಿರ ಬೇಸನ್ ಇಟ್ಟು ಮುಖ ತೊಳೆಸುತ್ತಿದ್ದಳು. ನಾವು ಹೋದ ಹೊತ್ತಿಗೆ ಅದೇ ನಡೆದಿತ್ತು. ನಮ್ಮನ್ನು ಕಂಡು ನಾಚಿಕೊಂಡು ಲಕ್ಷ್ಮವ್ವ, "ಆರೈಕಿ ಮಾಡಾಕ ಬಂದಾಕಿ ನಾ, ಮಾಡಿಸ್ಕೊಳಾಕ ಕುಂತೀನಿ ನೋಡ್ರಿ" ಎಂದು ನಕ್ಕರು. ಇವರು ಕಿಟಕಿಯಾಚೆ ನೋಡುತ್ತ ನಿಂತರು, ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಇವತ್ತು ಬೆಳಗ್ಗೆ ನನ್ನ ಹೇಳಿಕೆ ಕಳಿಸಿದೆ. ನಾಲ್ಕು ಪುಟ ಆಯಿತು. ಲಕ್ಷ್ಮವ್ವ ಎದ್ದಿಲ್ಲ, ಬೆಲ್ಟ್ ಬಿಚ್ಚಿಲ್ಲ, ಟ್ರಾಲಿ ಮುಟ್ಟಿಲ್ಲ ಎಂದು ಬರೆದೆ. ಚಿಲಕ ಹಾಕಿರಲಿಲ್ಲ ಎಂದು ಬರೆದೆ. ಯಶಿ ನನ್ನ ಜೊತೆ ಹರಟುತ್ತಿದ್ದಳು ಎಂದೂ ಬರೆದೆ, ನನ್ನ ಉತ್ತರಗಳನ್ನು ಬಿಡಲಿಲ್ಲ, ಗಿಳಿಹಸಿರನ್ನು ಕೂಡ. ಕಳಿಸು ಎನ್ನುವ ಗುಂಡಿ ಒತ್ತುವ ಮೊದಲು ಒಂದು ಲೋಟ ನೀರು ಕುಡಿದೆ. ನಿನ್ನ ಮಗಳ ಕೆಲಸ ಬಹುಶಃ ಉಳಿಯುವುದಿಲ್ಲ. ಅದನ್ನು ಮಾಡಿದವಳು ನಾನು ಎಂದು ನೀನು ಬೇರೆಯವರಿಂದ ಕೇಳುವುದು ಬೇಡ.

ನನಗೆ ಸಿಟ್ಟು ಅವಳು ಚಿಲಕ ಮರೆತದ್ದಕ್ಕಲ್ಲ. ಮರೆವು ನನಗೂ ಆಗಿದೆ, ಹಾರುವ ದಿನಗಳಲ್ಲಿ ಒಮ್ಮೆ ನಾನು ಬಾಗಿಲಿಗೆ ತುರ್ತು ಜಾರುಬಂಡಿಯ ಪಟ್ಟಿ ಸಿಕ್ಕಿಸುವುದನ್ನೇ ಮರೆತು ಹಿರಿಯರಿಂದ ಕೆನ್ನೆಗೆ ಹೊಡೆದ ಹಾಗೆ ಬೈಸಿಕೊಂಡಿದ್ದೆ. "ಆಂಟಿ, ನನ್ನಿಂದ ತಪ್ಪಾಯ್ತು" ಎಂದಿದ್ದರೆ ನಾನು ಅವಳ ಜೊತೆ ಅವರ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದೆ, ಕಾಲು ಹಿಡಿಯುತ್ತಿದ್ದೆ. ಅವಳು ಮಾಡಿದ್ದೇನು? ತನ್ನ ಬಗ್ಗೆ ಏನು ಬರೆದಿದ್ದಾರೆಂದು ಓದಲೂ ಬಾರದ ಹೆಂಗಸಿನ ತಲೆಗೆ ಕಟ್ಟಿದಳು. ಕಟ್ಟಿ, ಅದರ ಗಂಟು ಬಿಗಿಯಲು ನನ್ನ ಹೆಸರು ಹಿಡಿದಳು. ನಾನು ಎತ್ತಿ ಆಡಿಸಿದ ಮಗು ನನ್ನ ಬೆನ್ನಿಗೆ ಚೂರಿ ಹಾಕಿತು, ನೀನು ನನ್ನನ್ನು ಹಿಡಿದುಕೊಂಡು ನಿಂತೆ. ನೋವಾಗಿದೆ, ಬಹಳ ನೋವಾಗಿದೆ. ನಿನ್ನ ಹತ್ತಿರ ಹೇಳದೆ ಇನ್ನು ಯಾರ ಹತ್ತಿರ ಹೇಳಲಿ?

ಡಿಸೆಂಬರಿನ ಮದುವೆಗೆ ಕರೆಯುತ್ತೀಯೋ ಇಲ್ಲವೋ ನಿನಗೆ ಬಿಟ್ಟದ್ದು. ಕರೆಯದಿದ್ದರೂ ಆ ದಿನ ಇಲ್ಲಿಂದಲೇ ಅಕ್ಷತೆ ಹಾಕುತ್ತೇನೆ. ಯಶಿ ಮತ್ತು ಪ್ರೀತಮ್ ನೂರು ಕಾಲ ಬಾಳಲಿ, ಅವಳಿಗೆ ಬೇರೆ ಒಳ್ಳೆಯ ಕೆಲಸ ಸಿಗಲಿ. ಹಾರೈಕೆಯಲ್ಲಿ ಕಲ್ಮಶವಿಲ್ಲ, ನಿನಗದು ಗೊತ್ತು. ಕರಿಯಪ್ಪಣ್ಣನಿಗೆ ನನ್ನ ನಮಸ್ಕಾರ, ಬಿ.ಪಿ. ಮಾತ್ರೆ ತಪ್ಪಿಸಬೇಡಿ ಎಂದು ಹೇಳು. ನೀನು ಮಂಡಿ ನೋವಿನಲ್ಲಿ ಮೆಟ್ಟಿಲು ಹತ್ತಿ ಇಳಿದು ಮಾಡಬೇಡ.

ಇಂತು ನಿನ್ನ,
ವತ್ಸಲಾ

ತಾ.ಕ.: ಸಹಿ ಮಾಡಿ, ಲಕೋಟೆಗೆ ಹಾಕಿ, ಅಂಟಿಸಲು ಹೋದವಳು ಮತ್ತೆ ಕಾಗದ ಹೊರಗೆ ತೆಗೆದಿದ್ದೇನೆ. ಇದನ್ನು ಇವರಿಗೂ ಹೇಳಿಲ್ಲ.

ವಿಮಾನ ಇಳಿಯಲು ಶುರುಮಾಡಿದಾಗ, ಯಶಿ ಬಂದು ಕೂರುವ ಮುಂಚೆ, ಲಕ್ಷ್ಮವ್ವ ನನ್ನ ಕೈ ಅದುಮಿದರು. "ಅಕ್ಕಾರ, ಆ ಗೂಡಿನ ಕೆಂಪು ಚಿಲಕ ನೋಡ್ರಿ. ಉಳದಾವೆಲ್ಲ ಅಡ್ಡ ಅದಾವ, ಅದೊಂದ ಉದ್ದಕ ಐತಿ. ಹಂಗ ಇರತೈತೇನ್ರಿ?" ಎಂದರು. ನಾನು ನೋಡಿದೆ. ತೆರೆದೇ ಇತ್ತು. ತಲೆಯ ಮೇಲೆ ಗಗನಸಖಿಯನ್ನು ಕರೆಯುವ ಗುಂಡಿ ಇತ್ತು, ಬೆರಳು ಎತ್ತಿದರೆ ಸಿಗುತ್ತಿತ್ತು. ಯಾರು ಕಂಡರೂ ಬಾಯಿ ಬಿಡಬೇಕು, ಕ್ಯಾಪ್ಟನ್ ಆದರೂ ಸರಿ ಎಂದು ಇಪ್ಪತ್ತು ವರ್ಷ ಹೇಳಿದವಳು ನಾನು. ಗುಂಡಿ ಒತ್ತಿದರೆ ಯಶಿ ಎಲ್ಲರ ಎದುರು ಬಂದು ಅದನ್ನು ತಿರುಗಿಸಬೇಕಾಗುತ್ತದೆ, ನನ್ನ ಸ್ಟೂಡೆಂಟ್ ಎಂದು ಸಾರಿದ್ದೇನೆ ಎಂದು ಲೆಕ್ಕ ಹಾಕಿದೆ. "ಅವಳು ನನ್ನ ಕೈಲಿ ಕಲಿತ ಹುಡುಗಿ, ಏನೂ ಆಗಲ್ಲ, ನೀವು ಆರಾಮಾಗಿರಿ" ಎಂದೆ. ಅದುವರೆಗೆ ಅವರು ಹೆದರಿ ಕಾಲುಗಳನ್ನು ಸೀಟಿನ ಕೆಳಗೆ ಮಡಿಚಿ ಇಟ್ಟುಕೊಂಡಿದ್ದರು. "ನೀವಂದ ಮ್ಯಾಲ ಮುಗೀತು ಬಿಡ್ರಿ" ಎಂದು ಕಾಲು ಮುಂದಕ್ಕೆ ಚಾಚಿದರು.

ಬುಟಿಬೋರಿಗೆ ಕಂಪನಿಯವರು ನಮಗಿಂತ ಮುಂಚೆ ಹೋಗಿ ಅವರ ಹೇಳಿಕೆ ಬರೆದುಕೊಂಡಿದ್ದಾರೆ. ಕಲಾವತಿ ಮಗುವಿಗೆ ಹಾಲು ಕೊಡಲು ಒಳಗೆ ಹೋದಾಗ ಲಕ್ಷ್ಮವ್ವ ನನ್ನನ್ನು ಹತ್ತಿರ ಕರೆದರು. "ಚಿಲಕದ್ದ ನಾ ಯಾರ ಮುಂದೂ ಅಂದಿಲ್ಲ ಅಕ್ಕಾರ. ಅಂದ್ರ ನಿಮ್ಮ ಹೆಸರು ಬರತೈತಿ. ಕಾಲು ನಾನ ಚಾಚಿದ್ದೆ ಅಂದೀನಿ. ನಿಮಗೂ ಸರಿ ಕಂಡಿರಾಕಿಲ್ಲ ಬಿಡ್ರಿ, ಕಂಡಿದ್ರ ನೀವು ಹೇಳತಿದ್ರಿ" ಎಂದರು. ನಾನು ಹೂಂ ಎಂದೆ ದೇಚು. ಅವರ ಮುಖ ನೋಡಿಕೊಂಡೇ ಹೂಂ ಎಂದೆ.

ನಾಲ್ಕು ಪುಟದಲ್ಲಿ ಇದೊಂದು ಇಲ್ಲ. ಬರೆಯಲು ಮೂರು ಸಲ ಕೂತೆ, ಆಗಲಿಲ್ಲ. ನಿನ್ನ ಮಗಳಿಗೆ ಅಷ್ಟು ಅಂದವಳು ನಾನೂ ಅದನ್ನೇ ಮಾಡಿದ್ದೇನೆ. ಈ ಕಾಗದ ನನ್ನ ಕೈಬರಹದಲ್ಲಿದೆ, ತಾರೀಕಿದೆ, ಈ ಸಾಲುಗಳ ಕೆಳಗೆ ಇನ್ನೊಮ್ಮೆ ಸಹಿ ಮಾಡುತ್ತಿದ್ದೇನೆ. ಇದನ್ನು ಯಶಿಗೆ ಕೊಡು. ಎಲ್ಲಿ ತೋರಿಸಬೇಕೋ ಅಲ್ಲಿ ತೋರಿಸಲಿ.

ವತ್ಸಲಾ